ಇಂಗ್ಲಿಷ್ ಮಾತಿನ ಸಂಧಿಗಳು: ಲೀಡ್ಸ್‌ನಲ್ಲಿ ಕೇಳಿ ಬರೆದ ಅನುಭವ

ಲೀಡ್ಸ್‌ಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಮಾತು ಕೇಳಿ ಬರೆಯುವುದು. ವೆಸ್ಟ್ ಯಾರ್ಕ್‌ಷೈರ್‌ನ ಉಣ್ಣೆ ಗಿರಣಿಗಳಲ್ಲಿ ದುಡಿದವರು, ಅವರ ಮಕ್ಕಳು, ಮೊಮ್ಮಕ್ಕಳು, ಅದೇ ಊರುಗಳಲ್ಲಿದ್ದ ಡಾಕ್ಟರು, ಮೇಷ್ಟ್ರು, ಇವರೆಲ್ಲರ ನೆನಪುಗಳನ್ನು ಒಂದು ಸಂಶೋಧನಾ ತಂಡ ರೆಕಾರ್ಡ್ ಮಾಡುತ್ತಿತ್ತು. ಅದನ್ನು ಒಂದು ಪದವೂ ಬಿಡದೆ ಅಕ್ಷರಕ್ಕೆ ಇಳಿಸುವವರು ಬೇಕಾಗಿದ್ದರು. ನಾನು ಶಿವಮೊಗ್ಗ ಕಡೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ವ್ಯಾಕರಣ ಗಟ್ಟಿ ಇತ್ತು, ಟೈಪಿಂಗ್ ಬರುತ್ತಿತ್ತು. ಕೆಲಸ ಸಿಕ್ಕಿತು.

ಹೆಡ್‌ಫೋನ್ ಹಾಕಿಕೊಂಡ ಮೇಲೆ ಮೊದಲು ಕಿವಿಗೆ ಬಿದ್ದದ್ದು ಒಬ್ಬ ಅಜ್ಜಿಯ ದನಿ. "ಆ್ಯಟ್ಟ ಗೆರುಪ್ ಅಟ್ ಫೈವ್ ಅನ್ ಗೋ ಟ್‌ಮಿಲ್." ಐದು ಗಂಟೆಗೆ ಏಳಬೇಕಿತ್ತು, ಗಿರಣಿಗೆ ಹೋಗಬೇಕಿತ್ತು ಅಂತ ಅರ್ಥ. ಹ್ಯಾಡ್ ಟು, ಗೆಟ್ ಅಪ್, ಆ್ಯಂಡ್, ಟು ದ ಮಿಲ್. ಇದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೆ ಪದ ಪದವಾಗಿ ಇಂಗ್ಲಿಷ್ ಕೇಳಿ ಬೆಳೆದ ಕಿವಿಗೆ ಹಿಡಿತ ಸಿಗುವುದೇ ಇಲ್ಲ. ಎರಡು ಪದಗಳು ಕೂಡುವ ಜಾಗದಲ್ಲಿ ಎಲ್ಲವೂ ಬದಲಾಗಿಬಿಟ್ಟಿದೆ. ಟ್ ರ್ ಆಗಿದೆ, ಡ್ ಟ್ ಆಗಿದೆ, ಹ ಹೋಗಿದೆ, 'ದ' ಅನ್ನುವುದು ಮಿಲ್‌ಗೆ ಅಂಟಿಕೊಂಡು ಗಂಟಲಲ್ಲೇ ಉಳಿದಿದೆ.

ತಂಡದಲ್ಲಿ ಒಬ್ಬ ಹಿರಿಯ ಧ್ವನಿವಿಜ್ಞಾನಿ ಇದ್ದರು. ಅವರು ನನಗೆ ಕೇಳುವುದನ್ನು ಕಲಿಸುವ ಮೊದಲು ನೋಡುವುದನ್ನು ಕಲಿಸಿದರು. ಪ್ರಾಟ್ ಅಂತ ಒಂದು ಸಾಫ್ಟ್‌ವೇರ್ ಇದೆ. ಆ್ಯಮ್‌ಸ್ಟರ್‌ಡ್ಯಾಮ್‌ನ ಇಬ್ಬರು ವಿಜ್ಞಾನಿಗಳು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಅದು ಮಾತನ್ನು ಚಿತ್ರ ಮಾಡಿ ತೋರಿಸುತ್ತದೆ. ಅದರಲ್ಲಿ 'ಸ್ಟಾಪ್ ಇಟ್' ಅನ್ನುವ ಎರಡು ಪದ ತೆರೆದು, "ಮೌನ ಎಲ್ಲಿದೆ ಹುಡುಕಿ" ಅಂದರು. ಸ್ಟಾಪ್ ಮತ್ತು ಇಟ್ ನಡುವೆ ಇರಬೇಕು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಅಲ್ಲಿ ಇರಲಿಲ್ಲ. ಸ್ ಆದ ಮೇಲೆ ಟ ಹೇಳಲು ನಾಲಿಗೆ ಮೇಲೆ ಒತ್ತಿದಾಗ ಒಂದು ಮೌನ. ಪ್ ಹೇಳಲು ತುಟಿ ಮುಚ್ಚಿದಾಗ ಇನ್ನೊಂದು. ಎರಡೂ ಪದದ ಒಳಗೇ ಇವೆ. ತುಟಿ ತೆರೆದ ಕೂಡಲೇ 'ಇಟ್' ಶುರುವಾಗಿಬಿಡುತ್ತದೆ. ಪುಸ್ತಕದಲ್ಲಿ ಪದಗಳ ನಡುವೆ ಕಾಣುವ ಖಾಲಿ ಜಾಗ ಬಾಯಲ್ಲಿ ಇಲ್ಲವೇ ಇಲ್ಲ. ಇದನ್ನು ಕಣ್ಣಾರೆ ನೋಡಿದ ಮೇಲೆ ನಾನು ಪದಕ್ಕಾಗಿ ಕಾಯುವುದನ್ನು ಬಿಟ್ಟೆ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೋ ಅಲ್ಲಿಯವರೆಗೆ ಒಂದೇ ತುಂಡಾಗಿ ಕೇಳಲು ಶುರು ಮಾಡಿದೆ.

ಆಮೇಲೆ ಸಹಾಯಕ್ಕೆ ಬಂದದ್ದು ಹೈಸ್ಕೂಲಿನ ಕನ್ನಡ ವ್ಯಾಕರಣ. ಲೋಪ, ಆಗಮ, ಆದೇಶ. ನಾವು ಬಾಯಿಪಾಠ ಮಾಡಿದ ಸಂಧಿಗಳು. ಇಂಗ್ಲಿಷಿನ ಸಂಧಿಗಳನ್ನು ಈ ಮೂರು ಮನೆಗಳಲ್ಲಿ ಹಾಕಿ ನೋಡಿದೆ, ಬಹುಪಾಲು ಕೂತವು. 'ಲಾಸ್ಟ್ ನೈಟ್' ಅನ್ನುವುದು 'ಲಾಸ್ ನೈಟ್' ಆಗುತ್ತದೆ, ಟ್ ಲೋಪ. 'ಗೋ ಆನ್' ಅಂದಾಗ ನಡುವೆ ಸಣ್ಣ ವಕಾರ ಬರುತ್ತದೆ, 'ಸೀ ಇಟ್' ಅಂದಾಗ ಯಕಾರ. ಗುರುವನ್ನು, ಮನೆಯನ್ನು ಅಂದ ಹಾಗೆಯೇ. 'ಟೆನ್ ಪೌಂಡ್ಸ್' ಅನ್ನುವುದು 'ಟೆಮ್ ಪೌಂಡ್ಸ್' ಆಗುತ್ತದೆ. ಮುಂದೆ ತುಟಿ ಮುಚ್ಚಬೇಕಾದ ಅಕ್ಷರ ಇದೆ ಅಂತ ಹಿಂದಿನ ನ್ ಮೊದಲೇ ತುಟಿ ಮುಚ್ಚಿಕೊಳ್ಳುತ್ತದೆ. ಕಣ್ ಮತ್ತು ಪನಿ ಸೇರಿ ಕಂಬನಿ ಆದಾಗಲೂ ಅನುನಾಸಿಕ ಹೀಗೇ ತುಟಿಗೆ ಬಂದಿದೆ. ಇವತ್ತಿನ ಆಡುಮಾತಿನಲ್ಲೂ 'ಏನ್ ಮಾಡ್ತಿದ್ದೀಯ' ಅನ್ನುವುದು ಬೇಗ ಬೇಗ ಹೇಳಿದರೆ 'ಏಮ್ಮಾಡ್ತಿದ್ದೀಯ' ಆಗುತ್ತದೆ ಅಲ್ವಾ. ನಮ್ಮ ಬರಹದಲ್ಲಿ ಹಳೆಯ ಸಂಧಿಗಳು ಕಾಣುತ್ತವೆ. ಇಂಗ್ಲಿಷ್ ಸ್ಪೆಲಿಂಗ್ ಅವೆಲ್ಲವನ್ನೂ ಮುಚ್ಚಿಡುತ್ತದೆ. ಹಾಗಾಗಿಯೇ ಪುಸ್ತಕದಿಂದ ಇಂಗ್ಲಿಷ್ ಕಲಿತ ನಮ್ಮಂಥವರಿಗೆ ಅಲ್ಲಿ ಸಂಧಿ ಇದೆ ಅಂತಲೇ ಯಾರೂ ಹೇಳಿಕೊಡುವುದಿಲ್ಲ.

ಇಂಗ್ಲೆಂಡಿನ ಆಗಮಗಳಲ್ಲಿ ಒಂದು ನನ್ನನ್ನು ತುಂಬಾ ಹಿಡಿದು ನಿಲ್ಲಿಸಿತು. ಅದು ರ. ಇಲ್ಲಿನ ಹೆಚ್ಚಿನ ಜನ 'ಫಾರ್' ಅನ್ನುವುದನ್ನು ಒಂಟಿಯಾಗಿ ಹೇಳಿದರೆ 'ಫಾ' ಅಂತಾರೆ. ಮುಂದೆ ಸ್ವರ ಬಂದರೆ ಮಾತ್ರ ರ ವಾಪಸ್ ಬರುತ್ತದೆ, 'ಫಾರವೇ'. ಪದದ ಕೊನೆಯ ರ ಇಂಗ್ಲೆಂಡಿನಲ್ಲಿ ಸವೆದುಹೋದ ಕಾಲದಲ್ಲಿ, ಸ್ವರದ ಮುಂದೆ ಮಾತ್ರ ಅದು ಉಳಿಯಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಯಾವ ಪದದಲ್ಲಿ ಮೊದಲು ರ ಇತ್ತು, ಯಾವುದರಲ್ಲಿ ಇರಲಿಲ್ಲ ಅಂತ ಕಿವಿಯಿಂದ ತಿಳಿಯುವ ದಾರಿ ಇರಲಿಲ್ಲ. ಹಾಗಾಗಿ ಆ, ಅಂಥದೇ ಬಾಯಿ ತೆರೆದ ಸ್ವರಗಳ ಮೇಲೆ ಇನ್ನೊಂದು ಸ್ವರ ಬಂದರೆ ಎಲ್ಲ ಕಡೆ ರ ಸೇರಿಸುವುದು ನಿಯಮವಾಯಿತು. 'ಲಾ ಆ್ಯಂಡ್ ಆರ್ಡರ್' ಅನ್ನುವುದು 'ಲೋರನೋಡ' ಆಗುತ್ತದೆ. 'ಸಾ ಇಟ್' ಅನ್ನುವುದು 'ಸೋರಿಟ್'. 'ಇಂಡಿಯಾ ಆ್ಯಂಡ್ ಪಾಕಿಸ್ತಾನ್' ಅನ್ನುವುದನ್ನು ಇಲ್ಲಿನ ರೇಡಿಯೋದಲ್ಲಿ 'ಇಂಡಿಯರನ್ ಪಾಕಿಸ್ತಾನ್' ಅಂತ ಕೇಳಬಹುದು. ಪೆನೈನ್ ಬೆಟ್ಟಗಳ ಆಚೆ, ಲ್ಯಾಂಕಾಷೈರ್‌ನ ಬ್ಲ್ಯಾಕ್‌ಬರ್ನ್ ಸುತ್ತ, ಹಳೆಯ ರ ಪೂರ್ತಿ ಉಳಿಸಿಕೊಂಡ ವಯಸ್ಸಾದವರು ಇನ್ನೂ ಇದ್ದಾರೆ. ಸ್ಕಾಟ್ಲೆಂಡಿನಲ್ಲಂತೂ ರ ಗಟ್ಟಿಯಾಗಿಯೇ ಇದೆ. ಅಂಥ ಕಡೆ ಈ ಇಲ್ಲದ ರ ಸೇರಿಸುವ ಅಭ್ಯಾಸವೂ ಸಾಮಾನ್ಯವಾಗಿ ಇರುವುದಿಲ್ಲ.

ನಮ್ಮ ರೆಕಾರ್ಡಿಂಗ್ ಒಂದರಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಮಕ್ಕಳ ಭಾಷೆಯ ಬಗ್ಗೆ ನೊಂದು ಮಾತಾಡುತ್ತಾರೆ. ಅಕ್ಷರ ನುಂಗುತ್ತಾರೆ, ಇಲ್ಲದ ಅಕ್ಷರ ಸೇರಿಸುತ್ತಾರೆ, ಸೋಮಾರಿತನ ಅಂತ. ಅದೇ ಮಾತಿನ ನಡುವೆ ಅವರ ಬಾಯಲ್ಲೇ 'ಐಡಿಯರ್ ಆಫ್ ಇಟ್' ಅಂತ ಸ್ಪಷ್ಟವಾಗಿ ಬಂದಿದೆ. ನಾನು ಅವರನ್ನು ತಪ್ಪು ಅನ್ನುವುದಿಲ್ಲ. ಅವರು ತಮ್ಮ ಊರಿನ ನಿಯಮದಂತೆ ಸರಿಯಾಗಿಯೇ ಮಾತಾಡಿದ್ದಾರೆ. ತನ್ನ ಸಂಧಿ ತನಗೆ ಕೇಳಿಸುವುದಿಲ್ಲ, ಅಷ್ಟೇ. ಮುಂದಿನ ಕೆಲಸವೆಲ್ಲ ನನಗೆ ಇದನ್ನೇ ಮತ್ತೆ ಮತ್ತೆ ತೋರಿಸಿತು.

ಟ ಮತ್ತು ಹ ಎರಡನ್ನು ನೋಡಿ. ಆ ಅಜ್ಜಿಯ 'ಗೆರುಪ್' ಉತ್ತರ ಇಂಗ್ಲೆಂಡಿನ ಒಂದು ಖಾಸಾ ಸಂಧಿ. ಹ್ರಸ್ವ ಸ್ವರ ಆದ ಮೇಲೆ ಟ್ ಇದ್ದು, ಮುಂದಿನ ಪದ ಸ್ವರದಿಂದ ಶುರುವಾದರೆ ಟ್ ಹೋಗಿ ರ್ ಬರುತ್ತದೆ. 'ಶಟ್ ಅಪ್' ಇಲ್ಲಿ 'ಶುರುಪ್', 'ಗಾಟ್ ಎ' ಇಲ್ಲಿ 'ಗೊರ'. ದೀರ್ಘ ಸ್ವರದ ಮೇಲೆ ಇದು ನಡೆಯುವುದಿಲ್ಲ. 'ಮೀಟ್ ಇಟ್' ಅನ್ನುವುದನ್ನು ಯಾರೂ 'ಮೀರಿಟ್' ಅನ್ನುವುದಿಲ್ಲ. ಇಷ್ಟು ಬಿಗಿಯಾದ ನಿಯಮ ಇರುವ ಮಾತನ್ನು ಒರಟು, ಬೇಕಾಬಿಟ್ಟಿ ಅಂತ ಕರೆಯುತ್ತಾರೆ. ಇನ್ನೊಂದು ಕಡೆ, ಟ್ ಬದಲು ಗಂಟಲು ಕ್ಷಣ ಬಿಗಿದು ಬಿಡುವ ಸದ್ದು ಇದೆ. 'ಬಟರ್' ಅನ್ನುವಾಗ ನಡುವೆ ಅದು ಬಂದರೆ ಮನೆಯಲ್ಲಿ ಅಮ್ಮಂದಿರು ಬೈಯುತ್ತಾರೆ. ಆದರೆ 'ಕ್ವೈಟ್ ನೈಸ್' ಅನ್ನುವಾಗ ವಕೀಲರು, ಡಾಕ್ಟರು, ಸುದ್ದಿ ಓದುವವರು ಎಲ್ಲರ ಗಂಟಲಲ್ಲೂ ಅದು ಬರುತ್ತದೆ. ಸದ್ದು ಒಂದೇ. ಜಾಗ ಬೇರೆ. ಮುಂದೆ ವ್ಯಂಜನ ಇದ್ದರೆ ಯಾರ ಕಿವಿಗೂ ಬೀಳುವುದಿಲ್ಲ, ಎರಡು ಸ್ವರಗಳ ನಡುವೆ ಸಿಕ್ಕಿಬಿದ್ದರೆ ಹೆಸರು ಕೆಡುತ್ತದೆ.

ಹಕಾರದ ಕತೆಯೂ ಹಾಗೇ. 'ಹೌಸ್' ಅನ್ನುವುದನ್ನು 'ಔಸ್' ಅಂದರೆ ಓದಿಲ್ಲದವರು ಅಂತ ತೀರ್ಮಾನ. ಆದರೆ 'ಟೋಲ್ಡ್ ಹಿಮ್' ಅನ್ನುವುದನ್ನು ಸಹಜವಾಗಿ ಮಾತಾಡುವ ಇಂಗ್ಲಿಷರೆಲ್ಲ 'ಟೋಲ್ಡಿಮ್' ಅನ್ನುತ್ತಾರೆ. ಆಕ್ಸ್‌ಫರ್ಡಿನಲ್ಲಿ ಓದಿದವರೂ ಅನ್ನುತ್ತಾರೆ.

ಸಮಾಜ ಯಾವ ಸದ್ದಿಗೆ ಬೆಲೆ ಕಟ್ಟುತ್ತದೆ ಅನ್ನುವುದಕ್ಕೆ ಸದ್ದಿನಲ್ಲಿ ಕಾರಣ ಇರುವುದಿಲ್ಲ. ಇದನ್ನು ಚೆನ್ನಾಗಿ ತೋರಿಸಿದವರು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್. 1962ರಲ್ಲಿ ಅವರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಶ್ರೀಮಂತರ ಸ್ಯಾಕ್ಸ್, ಮಧ್ಯಮ ವರ್ಗದ ಮೇಸೀಸ್, ಅಗ್ಗದ ಎಸ್. ಕ್ಲೈನ್. ನಾಲ್ಕನೇ ಮಹಡಿಯಲ್ಲಿರುವ ಯಾವುದೋ ಸಾಮಾನು ಎಲ್ಲಿದೆ ಅಂತ ಕೆಲಸಗಾರರನ್ನು ಕೇಳುತ್ತಿದ್ದರು. ಅವರು 'ಫೋರ್ತ್ ಫ್ಲೋರ್' ಅನ್ನಲೇಬೇಕು. ಎರಡೂ ಪದದಲ್ಲಿ ರ ಇದೆ, ಅದು ಬಾಯಲ್ಲಿ ಬರುತ್ತದಾ ಅಂತ ನೋಡುವುದಕ್ಕೆ. ಸರಿಯಾಗಿ ಕೇಳಿಸದವರಂತೆ ಮತ್ತೊಮ್ಮೆ ಕೇಳುತ್ತಿದ್ದರು. ಆಗ ಕೆಲಸಗಾರರು ಇನ್ನೂ ಎಚ್ಚರದಿಂದ ಹೇಳುತ್ತಿದ್ದರು. ಸ್ಯಾಕ್ಸ್‌ನಲ್ಲಿ ಶೇ. 62, ಮೇಸೀಸ್‌ನಲ್ಲಿ ಶೇ. 51, ಕ್ಲೈನ್‌ನಲ್ಲಿ ಶೇ. 20 ಜನ ಒಮ್ಮೆಯಾದರೂ ರ ಹೇಳಿದರು. ಅಲ್ಲಿ ರ ಹೇಳಿದರೆ ಗೌರವ. ಇಂಗ್ಲೆಂಡಿನಲ್ಲಿ ರ ಬಿಡುವವರ ಮಾತಿಗೇ ಗೌರವ. ಒಂದೇ ಅಕ್ಷರ, ಸಮುದ್ರ ದಾಟಿದರೆ ಮರ್ಯಾದೆ ತಲೆಕೆಳಗು.

ಲೀಡ್ಸ್‌ನಲ್ಲಿ ಈ ಕೆಲಸ ಮಾಡುವುದಕ್ಕೆ ಒಂದು ಸಂತೋಷವೂ ಇತ್ತು. ಇಂಗ್ಲಿಷ್ ಉಪಭಾಷೆಗಳ ಒಂದು ದೊಡ್ಡ ಸಮೀಕ್ಷೆ ನಡೆದದ್ದು ಇಲ್ಲಿನ ವಿಶ್ವವಿದ್ಯಾಲಯದಿಂದ. ಹ್ಯಾರಲ್ಡ್ ಆರ್ಟನ್ ಮತ್ತು ಯೂಜನ್ ಡೀತ್ ಯೋಜನೆ ಹಾಕಿದ್ದು. 1950ರಿಂದ 1961ರವರೆಗೆ 313 ಊರುಗಳಲ್ಲಿ, ಹೆಚ್ಚಾಗಿ ಹಳ್ಳಿಯ ಹಿರಿಯರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಇದಕ್ಕೆ ಏನನ್ನುತ್ತೀರಿ, ಅದಕ್ಕೆ ಏನನ್ನುತ್ತೀರಿ ಅಂತ. ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಒಂದೆರಡು ಪದ. ಸಂಧಿ ಹುಡುಕುವವರಿಗೆ ಬೇಕಾದ್ದು ಓಡುವ ಮಾತು. ಅದು ಸಿಗುವುದು ನಮ್ಮಂಥ ನೆನಪಿನ ರೆಕಾರ್ಡಿಂಗ್‌ಗಳಲ್ಲಿ, ಜನ ತಮ್ಮ ಕತೆಯಲ್ಲಿ ಮುಳುಗಿ ಮೈಕ್ ಮರೆತಾಗ.

ಓಡುವ ಮಾತು ಎಣಿಸಿ ನೋಡಿದವರಿಂದ ಕಲಿತದ್ದು ಬಹಳ. 'ಲಾಸ್ಟ್', 'ಓಲ್ಡ್' ಇಂಥ ಪದಗಳ ಕೊನೆಯ ಟ್, ಡ್ ಬೀಳುವುದು ಮುಂದೆ ವ್ಯಂಜನ ಇದ್ದಾಗ ಜಾಸ್ತಿ, ಸ್ವರ ಇದ್ದಾಗ ಕಡಿಮೆ. ಎಲ್ಲ ವರ್ಗದವರಲ್ಲೂ ಇದೇ ಕ್ರಮ. ಎಷ್ಟು ಸಲ ಬೀಳುತ್ತದೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ಅಮೆರಿಕದ ಅಧ್ಯಯನಗಳಲ್ಲಿ ಇನ್ನೊಂದು ಅಂಶ ಕಂಡಿತ್ತು. ಆ ಟ್ ಭೂತಕಾಲವನ್ನು ಹೇಳುವುದಾದರೆ, ಅಂದರೆ 'ಮಿಸ್ಡ್' ಅಂಥ ಪದದಲ್ಲಿ, ಬೀಳುವುದು ಕಡಿಮೆ. ಅರ್ಥ ಹೊತ್ತ ಅಕ್ಷರವನ್ನು ಬಾಯಿ ಉಳಿಸಿಕೊಳ್ಳುತ್ತದೆ ಅಂತ ಚೆಂದದ ವಿವರಣೆ. ಸಾಲಿ ಟ್ಯಾಗ್ಲಿಯಾಮೊಂಟೆ ಮತ್ತು ರೋಸಲಿಂಡ್ ಟೆಂಪಲ್ 2005ರಲ್ಲಿ ನಮ್ಮ ಪಕ್ಕದ ಯಾರ್ಕ್ ನಗರದ ಮಾತು ಎಣಿಸಿದಾಗ ಆ ವ್ಯತ್ಯಾಸ ಗಟ್ಟಿಯಾಗಿ ಸಿಗಲಿಲ್ಲ. ಇಂಥ ಫಲಿತಾಂಶ ನನಗೆ ಇಷ್ಟ. ಒಂದು ಊರಿನ ನಿಯಮವನ್ನು ಸುಮ್ನೆ ಇನ್ನೊಂದು ಊರಿಗೆ ಹೊರಿಸಬಾರದು ಅನ್ನುವುದಕ್ಕೆ ಸಾಕ್ಷಿ.

'ಆ್ಯಟ್ಟ' ಅನ್ನುವುದೂ ಯಾರ್ಕ್‌ಷೈರಿನದೇ ಗುರುತು. ಮುಂದಿನ ಅಕ್ಷರ ಕ, ಟ, ಪ, ಫ ತರಹದ್ದಾದರೆ ಹಿಂದಿನ ಡ್, ಗ್ ಕೂಡ ಟ್, ಕ್ ಆಗುತ್ತದೆ. 'ಬಿಗ್ ಪೀಸ್' ಅನ್ನುವುದು 'ಬಿಕ್ ಪೀಸ್'. ಬ್ರ್ಯಾಡ್‌ಫರ್ಡ್ ಊರಿನ ಹೆಸರನ್ನು ಅಲ್ಲಿಯವರು 'ಬ್ರ್ಯಾಟ್‌ಫರ್ಡ್' ಅಂತಾರೆ. ನಮ್ಮ ಮಳೆಗಾಲ, ಬೆಟ್ಟದಾವರೆಗಳಲ್ಲಿ ಕ, ತ ಸರಿದು ಗ, ದ ಬರುತ್ತವಲ್ಲ, ಅದರ ಉಲ್ಟಾ. ಬಸ್ಸಿನಲ್ಲಿ, ಕರ್ಕ್‌ಗೇಟ್ ಮಾರ್ಕೆಟ್ಟಿನಲ್ಲಿ ನಾನು ಇದಕ್ಕಾಗಿಯೇ ಕಿವಿ ತೆರೆದು ನಿಲ್ಲುತ್ತಿದ್ದೆ. ಮೀನಿನವರು, ತರಕಾರಿಯವರು ಕೂಗುವುದನ್ನು ಕೇಳಿದರೆ ಒಂದು ಬೆಳಗ್ಗೆಯಲ್ಲಿ ಇಡೀ ಪಾಠ ಮುಗಿಯುತ್ತದೆ. 'ದ' ಅನ್ನುವುದನ್ನು ಗಂಟಲಲ್ಲಿ ನುಂಗುವುದು ಮಾತ್ರ ಎಲ್ಲರದಲ್ಲ. ಹಾಸ್ಯದವರು ಯಾರ್ಕ್‌ಷೈರನ್ನು ಅಣಕಿಸಲು ಮೊದಲು ಎತ್ತಿಕೊಳ್ಳುವುದೇ ಈ 'ಟ್‌ಮಿಲ್', 'ಟ್‌ಪಬ್'. ಹಾಗಿದ್ದೂ ಯಾರ್ಕ್‌ನ ಯುವಕರಲ್ಲಿ ಅದು ಮತ್ತೆ ಚಿಗುರಿದೆ ಅಂತ ಟ್ಯಾಗ್ಲಿಯಾಮೊಂಟೆ ಮತ್ತು ರೆಬೆಕಾ ರೋಡರ್ 2009ರಲ್ಲಿ ತೋರಿಸಿದರು. ಅಜ್ಜಂದಿರ ಮಾತು ಮೊಮ್ಮಕ್ಕಳಿಗೆ ಈ ನೆಲದವನು ಅನ್ನುವ ಗುರುತಾಗಿ ಬೇಕಾಗಿದೆ.

ಇಷ್ಟು ಹೊತ್ತಿಗೆ ಕಿವಿ ಪಳಗಿತ್ತು. ಆಗ ತಂಡದವರು ಹಳೆಯ ಕಡತಗಳನ್ನು ತಿದ್ದಲು ಕೊಟ್ಟರು. ನಾನು ಬರುವ ಮೊದಲು ಹೊರಗಿನ ಒಂದು ಏಜೆನ್ಸಿಯಿಂದ ಬರೆಸಿದ್ದವು. ಒಂದರಲ್ಲಿ ಗಿರಣಿ ಕೆಲಸಗಾರ, ಇನ್ನೊಂದರಲ್ಲಿ ಅದೇ ಊರಿನ ಡಾಕ್ಟರು. ಇಬ್ಬರೂ 'ಟೋಲ್ಡಿಮ್' ಅಂದಿದ್ದಾರೆ. ಇಬ್ಬರೂ 'ಗೋಯಿಂಗ್ ಟು' ಅನ್ನುವುದನ್ನು 'ಗುನ' ಅಂದಿದ್ದಾರೆ. ಇಬ್ಬರ ಬಾಯಲ್ಲೂ 'ಆ್ಯಂಡ್' ಬರೀ 'ಅನ್'. ಪ್ರಾಟ್‌ನಲ್ಲಿ ಹಾಕಿ ನೋಡಿದೆ, ಮತ್ತೆ ಮತ್ತೆ ಕೇಳಿದೆ. ಈ ಜಾಗಗಳಲ್ಲಿ ಇಬ್ಬರಿಗೂ ವ್ಯತ್ಯಾಸವೇ ಇಲ್ಲ. ಆದರೆ ಡಾಕ್ಟರ ಕಡತದಲ್ಲಿ ಎಲ್ಲ ಪದಗಳೂ ಶಾಲೆಯ ಸ್ಪೆಲಿಂಗ್‌ನಲ್ಲಿ ನೀಟಾಗಿ ಕೂತಿದ್ದವು. ಕೆಲಸಗಾರನ ಕಡತದಲ್ಲಿ ಹ ಇದ್ದ ಕಡೆಯೆಲ್ಲ ಅಕ್ಷರ ಬಿಟ್ಟದ್ದಕ್ಕೆ ಹಾಕುವ ಅಪಾಸ್ಟ್ರಫಿ ಗುರುತು, ಟ್ ಇದ್ದ ಕಡೆಯೆಲ್ಲ ಅದೇ ಗುರುತು, 'ಗುನ', 'ಡುನೋ' (ಡೋಂಟ್ ನೋ), 'ಸಮಿಂಗ್' (ಸಮ್‌ಥಿಂಗ್). ಓದಿದರೆ ಒಬ್ಬರು ತಿಳಿದವರು, ಇನ್ನೊಬ್ಬರು ತೊದಲುವವರು ಅನ್ನಿಸುತ್ತದೆ. ಕೇಳಿದರೆ ಹಾಗಿಲ್ಲ. ಕೆಲಸಗಾರನ ಕತೆ ಡಾಕ್ಟರದಕ್ಕಿಂತ ಸ್ಪಷ್ಟ, ಕ್ರಮಬದ್ಧ.

ನನಗೆ ಸಿಟ್ಟು ಬಂತು. ಆ ಸಿಟ್ಟು ಈಗಲೂ ಇದೆ. ಬರೆದವರು ಬೇಕಂತ ಮಾಡಿರಲಾರರು. ಒಬ್ಬರ ಮಾತು ಕೇಳುವಾಗ ಅರ್ಥಕ್ಕೆ ಕಿವಿ ಕೊಟ್ಟರು, ಇನ್ನೊಬ್ಬರ ಮಾತು ಕೇಳುವಾಗ ಸದ್ದಿಗೆ. ಡೆನಿಸ್ ಪ್ರೆಸ್ಟನ್ ಅನ್ನುವ ಭಾಷಾವಿಜ್ಞಾನಿ 1980ರ ದಶಕದಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಮಾತನ್ನು ಹೀಗೆ ವಕ್ರ ಸ್ಪೆಲಿಂಗ್‌ನಲ್ಲಿ ಬರೆದರೆ, ಓದುವವರು ಆ ಮಾತುಗಾರರನ್ನು ಸಮಾಜದ ಮೆಟ್ಟಿಲಲ್ಲಿ ಕೆಳಗೆ ಕೂರಿಸುತ್ತಾರೆ ಅಂತ.

ಇದು ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕೋರ್ಟಿನ ಮಾತು ಬರೆಯುವ ವೃತ್ತಿಪರರ ಮೇಲೆ ಒಂದು ಅಧ್ಯಯನ ನಡೆದು 2019ರಲ್ಲಿ ಪ್ರಕಟವಾಯಿತು. ಶೇ. 95 ನಿಖರತೆಯ ಪ್ರಮಾಣಪತ್ರ ಇದ್ದವರು ಅವರು. ಕಪ್ಪು ಅಮೆರಿಕನ್ನರ ಆಡುಮಾತಿನ ವಾಕ್ಯಗಳನ್ನು ಕೇಳಿಸಿದಾಗ ಅವರು ಪೂರ್ತಿ ಸರಿಯಾಗಿ ಬರೆದದ್ದು ಸುಮಾರು ಶೇ. 60 ವಾಕ್ಯಗಳನ್ನು ಮಾತ್ರ. ಕೋರ್ಟಿನಲ್ಲಿ ಬರೆದದ್ದೇ ಕೊನೆಗೆ ದಾಖಲೆ. ಒಬ್ಬ ಮನುಷ್ಯ ಏನು ಹೇಳಿದ ಅನ್ನುವುದು ಅವನ ಕೈಯಲ್ಲಿ ಇರುವುದಿಲ್ಲ, ಕೇಳಿ ಬರೆದವರ ಕಿವಿಯಲ್ಲಿ ಇರುತ್ತದೆ. ಈ ಅಧ್ಯಯನ ಓದಿದ ಮೇಲೆ ನನ್ನ ಕೆಲಸದ ಭಾರ ನನಗೆ ಬೇರೆಯಾಗಿ ಗೊತ್ತಾಯಿತು.

ಲೀಡ್ಸ್‌ನ ಕನ್ನಡದ ಗೆಳತಿಯೊಬ್ಬಳು ನರ್ಸ್. ಉಡುಪಿ ಕಡೆಯವಳು. ಇಂಗ್ಲಿಷ್ ಪರೀಕ್ಷೆ ಒಳ್ಳೆಯ ಅಂಕದಲ್ಲಿ ಪಾಸಾಗಿ ಬಂದವಳು. ಶುರುವಿನಲ್ಲಿ ಡ್ಯೂಟಿ ಮುಗಿಸಿ ಫೋನ್ ಮಾಡುತ್ತಿದ್ದಳು. "ಅಕ್ಕ, ಪೇಷಂಟ್ ಎಂತದೋ 'ಗೆರಿನ್ ವರ್ಸ್' ಅಂತಾರೆ. ಎಂತ ಅದು?" ಗೆಟಿಂಗ್ ವರ್ಸ್, ನೋವು ಜಾಸ್ತಿ ಆಗ್ತಿದೆ ಅಂತ. ಅರ್ಥವಾಗದಿದ್ದರೆ ರೋಗಿಗೆ ಕಷ್ಟ. ಮತ್ತೆ ಮತ್ತೆ ಕೇಳಿದರೆ ಇವಳಿಗೆ ಇಂಗ್ಲಿಷ್ ಬರಲ್ಲ ಅನ್ನುವ ನೋಟ. ಅವಳು ಬರೆದ ಪರೀಕ್ಷೆ ಅವಳನ್ನು ಇಂಥ ಮಾತಿಗೆ ತಯಾರು ಮಾಡಿರಲಿಲ್ಲ. ಭಾನುವಾರ ಕೂತು ಅವಳಿಗೆ ನಾನು ಕಲಿತ ಕ್ರಮದಲ್ಲೇ ಹೇಳಿಕೊಟ್ಟೆ. ಮೊದಲು ರ ಕೇಳಿದರೆ ಅದು ಟ್ ಇರಬಹುದಾ ನೋಡು. ಆಮೇಲೆ ಗಂಟಲು ಬಿಗಿದರೆ ಟ್ ಅಥವಾ 'ದ' ಹುಡುಕು. ಹ ಬರುತ್ತದೆ ಅಂತ ಕಾಯಬೇಡ. 'ಆಫ್' ಮತ್ತು 'ಹ್ಯಾವ್' ಎರಡೂ ಬರೀ 'ಅವ್' ಆಗಿ ಕೇಳಬಹುದು. ಅವಳಿಗೆ ಸಂಧಿ ಅಂದ ಕೂಡಲೇ ಹೊಳೆಯಿತು. ಮಾತಾಡುವುದನ್ನು ಬದಲಾಯಿಸಿಕೋ ಅಂತ ನಾನು ಹೇಳಲಿಲ್ಲ. ಅವಳ ಇಂಗ್ಲಿಷ್ ಅಲ್ಲಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪಳಗಬೇಕಾದದ್ದು ಕಿವಿ ಮಾತ್ರ. ಈಗ ಅವಳು ಹೊಸದಾಗಿ ಬಂದ ಕೇರಳದ ಹುಡುಗಿಯರಿಗೆ ತಾನೇ ಹೇಳಿಕೊಡುತ್ತಾಳೆ.

ನಮ್ಮ ತಂಡದಲ್ಲಿ ಆ ಎರಡು ಕಡತಗಳನ್ನು ಇಟ್ಟುಕೊಂಡು ದೊಡ್ಡ ಚರ್ಚೆ ನಡೆಯಿತು. ಸದ್ದನ್ನು ಬರೆಯಲೇಬಾರದು ಅಂದರೆ ಸಂಶೋಧನೆಗೆ ನಷ್ಟ. ಕೆಲವರದ್ದು ಮಾತ್ರ ಬರೆದರೆ ಅನ್ಯಾಯ. ಕೊನೆಗೆ ಎರಡು ಸಾಲಿನ ಪದ್ಧತಿ ಒಪ್ಪಿದೆವು. ಮೇಲಿನ ಸಾಲಿನಲ್ಲಿ ಎಲ್ಲರ ಮಾತೂ ಒಂದೇ ಸ್ಪೆಲಿಂಗ್‌ನಲ್ಲಿ, ಡಾಕ್ಟರಾಗಲಿ ಕೆಲಸಗಾರನಾಗಲಿ. ಕೆಳಗಿನ ಸಾಲಿನಲ್ಲಿ ಧ್ವನಿಲಿಪಿ, ಅದೂ ಎಲ್ಲರಿಗೂ. ವ್ಯಾಕರಣ ಮಾತ್ರ ಅವರು ಹೇಳಿದ ಹಾಗೆಯೇ ಮೇಲಿನ ಸಾಲಿನಲ್ಲಿ ಉಳಿಯಬೇಕು. ಅಜ್ಜಿ 'ಐ ವಾಸ್' ಅನ್ನದೆ 'ಐ ವರ್' ಅಂದರೆ ಅದನ್ನು ತಿದ್ದುವ ಹಕ್ಕು ನಮಗಿಲ್ಲ. ಹಳೆಯ ಕಡತಗಳನ್ನೆಲ್ಲ ಹೀಗೆ ಹೊಸದಾಗಿ ಬರೆದೆವು. ಬೇಸರದ ಕೆಲಸ, ಆದರೆ ನಾನು ಮನಸಾರೆ ಮಾಡಿದ ಕೆಲಸ.

ಈ ಪದ್ಧತಿಗೂ ಸಿಗದ ಒಂದು ಸಂಧಿ ಈಗ ಮೇಜಿನ ಮೇಲಿದೆ. ಲೀಡ್ಸ್‌ನದೇ ಹೇರ್‌ಹಿಲ್ಸ್ ಕಡೆಯ ಒಬ್ಬ ಹುಡುಗ, ಗಿರಣಿ ಕೆಲಸಗಾರರ ಮೊಮ್ಮಗ, 'ಆ್ಯನ್ ಆ್ಯಪಲ್' ಅನ್ನುವ ಜಾಗದಲ್ಲಿ 'ಅ ಆ್ಯಪಲ್' ಅಂತಾನೆ. ನಡುವೆ ನ್ ಇಲ್ಲ, ಗಂಟಲು ಬಿಗಿಯುವ ಸದ್ದು ಇದೆ. ಪೂರ್ವ ಲಂಡನ್ನಿನ ಬಹುಭಾಷಾ ಬಡಾವಣೆಗಳ ಹುಡುಗ ಹುಡುಗಿಯರಲ್ಲಿ ಇದು ಮೊದಲೇ ದಾಖಲಾಗಿದೆ. ಜೆನ್ನಿ ಚೆಷೈರ್, ಪಾಲ್ ಕರ್ಸ್‌ವಿಲ್, ಸ್ಯೂ ಫಾಕ್ಸ್ ಮತ್ತು ಜೊತೆಗಾರರು 2004ರಿಂದ ಅಲ್ಲಿನ ಹ್ಯಾಕ್ನಿಯಲ್ಲಿ ಇಂಥ ಮಾತನ್ನು ರೆಕಾರ್ಡ್ ಮಾಡಿ ನೋಡಿದ್ದರು. ಎರಡು ಸ್ವರ ಎದುರಾದಾಗ ನ್, ಯ, ವ, ರ ಅಂತ ಬೇರೆ ಬೇರೆ ಆಗಮ ಮಾಡುವ ಹಳೆಯ ಏರ್ಪಾಡಿನ ಬದಲು ಎಲ್ಲ ಕಡೆಗೂ ಒಂದೇ ಗಂಟಲ ಸದ್ದು ಬರತೊಡಗಿದೆ. ಇದನ್ನು ಸದ್ದು ಅಂತ ಕೆಳಗಿನ ಸಾಲಿಗೆ ಹಾಕಿ, ಮೇಲೆ ಶಾಲೆಯ 'ಆ್ಯನ್' ಬರೆಯಬೇಕಾ? ಅಥವಾ ವ್ಯಾಕರಣ ಅಂತ ಮೇಲಿನ ಸಾಲಿನಲ್ಲೇ ಅವನು ಅಂದಂತೆ ಬಿಡಬೇಕಾ? ತಂಡದಲ್ಲಿ ಎರಡೂ ಅಭಿಪ್ರಾಯ ಇವೆ. 'ಆ್ಯನ್' ಬರೆದರೆ ಅವನ ಬಾಯಲ್ಲಿ ಇಲ್ಲದ ಪದವನ್ನು ನಾವು ಸೇರಿಸಿದ ಹಾಗೆ. ನನ್ನ ಮತ ಅವನು ಅಂದಂತೆಯೇ ಬಿಡುವುದಕ್ಕೆ. ಮುಂದಿನ ಸಭೆಗೆ ಅವನ ರೆಕಾರ್ಡಿಂಗ್‌ನ ಅಂಥ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು ಹೋಗುತ್ತಿದ್ದೇನೆ.